ಕಿಟಕಿ ಕಡೆ ನೋಡಿದವರು

ಯಂತ್ರ ಮನೆಗೆ ಬಂದ ದಿನ ನಮ್ಮ ಯಜಮಾನರು ಅದನ್ನು ಬ್ರೆಡ್ಡು ಸುಡುವ ಡಬ್ಬಿ ಅಂದುಕೊಂಡರು. ಅವರದೇನೂ ತಪ್ಪಿಲ್ಲ. ಗಾತ್ರ ಸುಮಾರು ಹಾಗೇ ಇದೆ, ಮುಂದುಗಡೆ ಒಂದು ಸೀಳುಬಾಯಿ ಇದೆ, ಸ್ವಿಚ್ಚು ಹಾಕಿದರೆ ಒಳಗೆ ಯಾರೋ ಎದ್ದು ಕೂತ ಹಾಗೆ ಗುರ್ರೆನ್ನುತ್ತದೆ.

“ನಮ್ಮನಿಯಾಗ ಬ್ರೆಡ್ ತಿನ್ನೋರು ಯಾರದಾರ?” ಎಂದರು.

“ಬ್ರೆಡ್ ಸುಡೋದಲ್ರಿ ಇದು. ಫಿಲಂ ಸ್ಕ್ಯಾನರು. ಹಳೇ ನೆಗೆಟಿವ್ ಹಾಕಿದ್ರ ಕಂಪ್ಯೂಟರಿನ್ಯಾಗ ಫೋಟೋ ಬರತೈತಿ.”

“ಯಾರ ಫೋಟೋ?”

“ಯಾರ್ಯಾರದೋ.”

“ಯಾರ್ಯಾರದೋ ಫೋಟೋ ತಗಂಡು ನಾವೇನು ಮಾಡೋಣು?”

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದವಳು. ನಿವೃತ್ತರಾದ ಹೆಂಗಸರು ನಮ್ಮ ಕಡೆ ಭಜನೆಗೆ ಹೋಗುತ್ತಾರೆ, ಇಲ್ಲವೇ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಸೊಸೆಯ ಮೇಲೆ ಕಣ್ಣಿಡುತ್ತಾರೆ. ನನಗೆ ಭಜನೆಯಲ್ಲಿ ದನಿ ಏಳುವುದಿಲ್ಲ. ಸೊಸೆ ಇಲ್ಲ, ಇರುವವಳು ಮಗಳು, ಅವಳೇ ನನ್ನ ಮೇಲೆ ಕಣ್ಣಿಟ್ಟಿದ್ದಾಳೆ. ಹೀಗಾಗಿ ಹುಬ್ಬಳ್ಳಿಯ ಒಬ್ಬ ಮದುವೆ ಫೋಟೋಗ್ರಾಫರು ಮೂಲೆಗೆ ತಳ್ಳಿದ್ದ ಈ ಯಂತ್ರವನ್ನು ತರಿಸಿಕೊಂಡು, ಅಟ್ಟದ ಮೇಲಿದ್ದ ಅಪ್ಪನ ತಗಡಿನ ಟ್ರಂಕನ್ನು ಕೆಳಗಿಳಿಸಿಕೊಂಡೆ.

ಅಪ್ಪ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ದೊಡ್ಡ ಸ್ಟುಡಿಯೋ ಏನಲ್ಲ. ಯಾವುದೋ ಕಾಲದ ಬಂಗಲೆಯ ಹೊರಮನೆ, ಎತ್ತರದ ಮಾಳಿಗೆ, ಗೋಡೆಗೆ ಕಾರಂಜಿ ಮತ್ತು ಗುಲಾಬಿ ಗಿಡ ಬರೆದ ಪರದೆ. ಬಣ್ಣದ ಫೋಟೋ ಬಂದು ಎಲ್ಲರೂ ಕಲರ್ ಲ್ಯಾಬಿನ ಕಡೆ ಓಡತೊಡಗಿದಾಗ ಅಪ್ಪ ಅಂಗಡಿ ಮುಚ್ಚಿ, ಕಪ್ಪು-ಬಿಳುಪು ನೆಗೆಟಿವುಗಳನ್ನೆಲ್ಲ ಟ್ರಂಕಿಗೆ ತುಂಬಿದ. ನಮ್ಮಮ್ಮ ಅದನ್ನು ಗುಜರಿಗೆ ಹಾಕಲು ಎಷ್ಟೋ ಸಲ ನೋಡಿದಳು. “ನೆಗೆಟಿವ್ ಇರೋತನಕ ಮನುಷ್ಯಾ ಇರ್ತಾನ” ಅನ್ನುತ್ತಿದ್ದ ಅಪ್ಪ. “ಮನುಷ್ಯಾ ಇರ್ತಾನೋ ಇಲ್ಲೋ, ಜಿರಳಿ ಇರ್ತಾವ” ಅನ್ನುತ್ತಿದ್ದಳು ಅಮ್ಮ. ಟ್ರಂಕು ತೆರೆದಾಗ ಇಬ್ಬರ ಮಾತೂ ನಿಜವಾಗಿತ್ತು.

ಫಿಲಂ ಸ್ಕ್ಯಾನ್ ಮಾಡುವುದನ್ನು ನೀವು ನೋಡಿಲ್ಲದಿದ್ದರೆ ಎರಡು ಮಾತು ಹೇಳುತ್ತೇನೆ. ಫಿಲಮಿನ ಪಟ್ಟಿಗೆ ಎರಡು ಮಗ್ಗುಲು, ಒಂದು ಮಿರುಗುವುದು, ಒಂದು ಮಂಕಾದದ್ದು. ಮಂಕು ಮಗ್ಗುಲು ಕೆಳಗೆ ಬರುವಂತೆ ಪಟ್ಟಿಯನ್ನು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಸೇರಿಸಿ ಯಂತ್ರದ ಬಾಯಿಗೆ ಕೊಡಬೇಕು. ಯಾವ ಮಗ್ಗುಲೆಂದು ಅನುಮಾನ ಬಂದರೆ ಪಟ್ಟಿಯ ಅಂಚು ನೋಡಬೇಕು. ಅಲ್ಲಿ ಫಿಲಂ ಮಾಡಿದವರೇ ಅಚ್ಚು ಹಾಕಿದ ಸಣ್ಣ ಅಂಕಿಗಳಿರುತ್ತವೆ. ಅಂಕಿ ನೆಟ್ಟಗೆ ಓದಲು ಬಂದರೆ ಸರಿ ಇಟ್ಟಿದ್ದೀರಿ, ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಕಂಡರೆ ತಿರುವಿ ಇಟ್ಟಿದ್ದೀರಿ. ತಿರುವಿ ಇಟ್ಟರೆ ಎಡಗೈ ಬಲಗೈ ಆಗುತ್ತದೆ, ಅಂಗಿಯ ಜೇಬು ಆ ಕಡೆ ಹೋಗುತ್ತದೆ. ಮೊದಮೊದಲು ನಾನು ಎಷ್ಟು ಜನರ ಜೇಬು ಅದಲು ಬದಲು ಮಾಡಿದೆನೋ.

ಇನ್ನು ಧೂಳು. ಬಣ್ಣದ ಫಿಲಂ ಆದರೆ ಈ ಯಂತ್ರ ಧೂಳನ್ನು ತಾನೇ ಗುರುತಿಸಿ ಒರೆಸಿಬಿಡುತ್ತದಂತೆ. ಕಪ್ಪು-ಬಿಳುಪಿಗೆ ಆ ಭಾಗ್ಯವಿಲ್ಲ. ಅದರಲ್ಲಿ ಚಿತ್ರವಾಗಿ ಕೂತಿರುವುದು ಬೆಳ್ಳಿ, ಯಂತ್ರ ಬೆಳ್ಳಿಯನ್ನೂ ಧೂಳೆಂದೇ ತಿಳಿಯುತ್ತದೆ. ಗೊತ್ತಿಲ್ಲದೆ ಆ ಗುಂಡಿ ಒತ್ತಿ ನಾನು ಒಬ್ಬ ಗೌಡರ ಅರ್ಧ ಮೀಸೆ ಬೋಳಿಸಿದ್ದೇನೆ. ಆಮೇಲೆ ತಿಳಿಯಿತು, ಇಲ್ಲಿ ಒಂದೊಂದು ಕಣವನ್ನೂ ಕೈಯಾರೆ ಒರೆಸಬೇಕು. ಮೊದಲು ಮೆದು ಕುಂಚ, ಆಮೇಲೆ ರಬ್ಬರಿನ ಊದುಗ, ಅದಕ್ಕೂ ಬಗ್ಗದ್ದನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಹೆಕ್ಕಬೇಕು. ಬಳ್ಳಾರಿಯ ಧೂಳು ಅಂದರೆ ನಿಮಗೆ ಗೊತ್ತಲ್ಲ. ಒಂದು ಮುಖ ಹಸನು ಮಾಡುವಷ್ಟರಲ್ಲಿ ಒಂದು ಮೊರ ಅಕ್ಕಿ ಆರಿಸಬಹುದು.

ಧೂಳಿಗಿಂತ ಅಪ್ಪನನ್ನು ಹೆಚ್ಚು ಕಾಡಿದ್ದು ಬಿಸಿಲು. ಫಿಲಂ ತೊಳೆಯುವ ನೀರು ಬೆಚ್ಚಗಾದರೆ ಅದರ ಮೇಲಿನ ಲೇಪ ಮೆತ್ತಗಾಗಿ ಜಾರುತ್ತದೆ, ಮೂಗು ಬಾಯಿ ಕೂಡಿಕೊಂಡುಬಿಡುತ್ತವೆ. ನಮ್ಮೂರ ಬೇಸಿಗೆಯಲ್ಲಿ ನಳದಿಂದ ಬರುವ ನೀರಿಗೆ ಚಹಾಪುಡಿ ಹಾಕಿದರೆ ಸಾಕು ಅನ್ನುವ ಹಾಗಿರುತ್ತದೆ. ಅದಕ್ಕೆ ಅಪ್ಪ ಕುಡಿಯುವ ಹರವಿಯ ತಣ್ಣೀರನ್ನು ಫಿಲಮಿಗೆ ಸಾಗಿಸುತ್ತಿದ್ದ. ಹರವಿ ತಳ ಕಂಡರೆ ಐಸ್‌ಕ್ಯಾಂಡಿ ಫ್ಯಾಕ್ಟರಿಯಿಂದ ಗೋಣಿಚೀಲದಲ್ಲಿ ಐಸು ಬರುತ್ತಿತ್ತು. ನಾನು ಅದರಲ್ಲೊಂದು ಚೂರು ಬಾಯಿಗೆ ಹಾಕಿಕೊಂಡರೆ ಅಪ್ಪ ಗದರುತ್ತಿದ್ದ. ಅಮ್ಮನ ಸಿಟ್ಟು ಬೇರೆ.

“ಊರ ಮಂದಿ ಮಾರಿ ತೊಳಿಯಾಕ ತಣ್ಣೀರು, ಮನಿ ಮಕ್ಕಳು ಕುಡಿಯಾಕ ಕಾದ ನೀರು. ಎಲ್ಲ್ಯಾರ ಕೇಳೀರೇನ್ರಿ ಇಂಥಾದ್ದು?” ಎಂದು ಬಾಗಿಲಲ್ಲಿ ನಿಂತವರನ್ನು ಕೇಳುತ್ತಿದ್ದಳು. ಫೋಟೋ ತೆಗೆಸಲು ಬಂದವರು ಪಾಪ, ಹೌದು ಅನ್ನಲೂ ಆಗದೆ ಅಲ್ಲ ಅನ್ನಲೂ ಆಗದೆ ಮೀಸೆ ತಿರುವಿಕೊಳ್ಳುತ್ತಿದ್ದರು.

ಸ್ಟುಡಿಯೋದಲ್ಲಿ ಕರೆಂಟು ನಂಬುವ ಹಾಗಿರಲಿಲ್ಲ. ಅಪ್ಪ ನಂಬಿದ್ದು ಕಿಟಕಿಯನ್ನು. ಉತ್ತರಕ್ಕೊಂದು ದೊಡ್ಡ ಕಿಟಕಿ, ಅದಕ್ಕೆ ತೆಳ್ಳನೆ ಬಿಳಿ ಬಟ್ಟೆ. ಬಂದವರನ್ನು ಕುರ್ಚಿಯಲ್ಲಿ ಕೂಡಿಸಿ, ಕ್ಯಾಮೆರಾದ ಕರಿಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ ಒಂದೇ ಮಾತು ಹೇಳುತ್ತಿದ್ದ. “ಕಿಟಕಿ ಕಡಿ ನೋಡ್ರಿ. ಅಲ್ಲೇನೂ ಇಲ್ಲ, ಆದ್ರೂ ನೋಡ್ರಿ.” ಆಲೂರು, ಆದವಾನಿ ಕಡೆಯ ತೆಲುಗಿನವರಿಗೆ “ಕಿಟಿಕೀ ವೈಪು ಚೂಡಂಡಿ”. ಕೌಲ್‌ಬಜಾರಿನ ಸಾಹೇಬರಿಗೆ “ಖಿಡಕೀ ತರಫ್ ದೇಖೋ ಭಾಯ್”. ಮೂರು ಭಾಷೆಯಲ್ಲೂ ಒಂದೇ ಕಿಟಕಿ. ಈಗ ಟ್ರಂಕಿನ ನೆಗೆಟಿವುಗಳನ್ನು ಒಂದರ ಹಿಂದೊಂದು ಪರದೆಯ ಮೇಲೆ ನೋಡುವಾಗ ನಗು ಬರುತ್ತದೆ. ಮದುಮಕ್ಕಳು, ಮುದುಕರು, ಪೊಲೀಸರು, ಬೋಳಿಸಿದ ತಲೆಯ ಕೂಸುಗಳು, ಇಡೀ ಜಿಲ್ಲೆಯೇ ಮುಖವನ್ನು ಚೂರು ನೋಡುವವರ ಬಲಕ್ಕೆ ತಿರುಗಿಸಿ, ಏನೂ ಇಲ್ಲದ ಒಂದು ಕಿಟಕಿಯನ್ನು ಭಕ್ತಿಯಿಂದ ನೋಡುತ್ತಿದೆ.

ಕಿಟಕಿಯಿಂದ ಒಂದು ತೊಡಕೂ ಇತ್ತು. ಆಗೆಲ್ಲ ಹಿರಿಯರ ಎದುರಿಗೆ ಗಂಡ ಹೆಂಡತಿ ಒತ್ತಿ ಕೂತು ಫೋಟೋ ತೆಗೆಸಿಕೊಳ್ಳಲು ನಾಚುತ್ತಿದ್ದರು. ಗಂಡ ಬೇರೆ, ಹೆಂಡತಿ ಬೇರೆ ಕೂಡುತ್ತಿದ್ದರು. ಎಷ್ಟೋ ವರ್ಷದ ಮೇಲೆ ಇಬ್ಬರಲ್ಲಿ ಒಬ್ಬರು ಹೋಗಿಬಿಟ್ಟಾಗ, ಮನೆಯವರು ಬಂದು ಇಬ್ಬರನ್ನೂ ಒಂದೇ ಫೋಟೋದಲ್ಲಿ ಜೋಡಿ ಮಾಡಿಕೊಡಿ ಅನ್ನುತ್ತಿದ್ದರು. ಜೋಡಿ ಮಾಡುವುದಕ್ಕೆ ನೇಮವಿತ್ತು. ಹೆಂಡತಿ ಗಂಡನ ಎಡಕ್ಕೇ, ಅಂದರೆ ನೋಡುವವರ ಬಲಕ್ಕೆ, ಇರಬೇಕು. ಇಬ್ಬರ ಮುಖವೂ ಒಬ್ಬರ ಕಡೆಗೊಬ್ಬರು ತಿರುಗಿರಬೇಕು. ಹೆಂಡತಿ ಗಂಡನಿಗೆ ಬೆನ್ನು ಮಾಡಿ ಎತ್ತಲೋ ನೋಡುತ್ತಿದ್ದರೆ ಅಂಥ ಫೋಟೋ ಮನೆಯಲ್ಲಿ ತೂಗುಹಾಕಲು ಯಾರೂ ಒಪ್ಪುತ್ತಿರಲಿಲ್ಲ. ಆದರೆ ಅಪ್ಪನ ಕೈಯಲ್ಲಿ ಇಬ್ಬರೂ ಒಂದೇ ಕಿಟಕಿ ನೋಡಿದವರು! ಅದಕ್ಕೆ ಅಪ್ಪ ಹೆಂಡತಿಯ ನೆಗೆಟಿವನ್ನು ತಿರುವಿ ಹಾಕಿ ಅಚ್ಚು ಹೊಡೆಯುತ್ತಿದ್ದ. ಅವಳು ಮುಖ ತಿರುಗಿಸಿ ಗಂಡನ ಕಡೆ ನೋಡುತ್ತಿದ್ದಳು. ಸೆರಗು ಬಲಭುಜಕ್ಕೆ ಹೋಗಿಬಿಟ್ಟರೆ ಕುಂಚದಿಂದ ತೀಡಿ ಮುಚ್ಚುತ್ತಿದ್ದ. ಕೆಂಪು ದೀಪದ ಕೋಣೆಯಲ್ಲಿ ಅರ್ಧ ಕಾಗದಕ್ಕೆ ರಟ್ಟು ಅಡ್ಡ ಹಿಡಿಯುವ ಕೆಲಸ ನನ್ನದು. ಹೀಗೆ ನಾನು ಬಹಳ ಜನರ ಮದುವೆ ಎರಡನೇ ಸಲ ಮಾಡಿಸಿದ್ದೇನೆ.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಕಣ್ಣೆದುರಿನದೇ ನನಗೆ ಕಾಣಲಿಲ್ಲ ಅನ್ನುವುದನ್ನು ಈಗ ಹೇಳುತ್ತೇನೆ.

ಎಂಬತ್ತರ ದಶಕದಲ್ಲಿ ನನ್ನ ಮದುವೆಯಾಯಿತು. ಸಿರುಗುಪ್ಪದ ಮನೆ, ದೇಶನೂರಿನಲ್ಲಿ ಗದ್ದೆ. ಮಾವ ಬೆಳಗಾದರೆ ಸೈಕಲ್ಲು ಹತ್ತಿ ಗದ್ದೆಗೆ ಹೋಗುವವರು, ಮಾತು ಕಡಿಮೆ. ಅತ್ತೆ ಇರಲಿಲ್ಲ. ನಮ್ಮ ಯಜಮಾನರು ಇನ್ನೂ ಮೊಲೆ ಕುಡಿಯುವ ಕೂಸಾಗಿದ್ದಾಗಲೇ ಆಕೆ ತೀರಿಹೋಗಿದ್ದರು. ಹೆಸರು ಗೌರವ್ವ. ಪಡಸಾಲೆಯ ಗೋಡೆಯ ಮೇಲೆ ಮಾವ ಮತ್ತು ಅತ್ತೆಯ ಫೋಟೋ ಇತ್ತು. ಹಿಂಬದಿಯಲ್ಲಿ ನಮ್ಮಪ್ಪನ ಸ್ಟುಡಿಯೋದ ಮುದ್ರೆ! ತವರಿನದು ಏನೋ ಒಂದು ನನಗಿಂತ ಮೊದಲೇ ಆ ಮನೆಗೆ ಬಂದು ಕೂತಿದೆ ಅಂತ ನನಗೆ ಹಿಗ್ಗಾಯಿತು. ಮನೆಯ ಅಡಿಗೆಯನ್ನು ಯಾರು ಪರೀಕ್ಷೆ ಮಾಡಿ ತಿನ್ನುತ್ತಾರೆ? ನಾನೂ ಫೋಟೋವನ್ನು ಹಾಗೇ ನೋಡಿದೆ. ಅದನ್ನು ಯಾವಾಗ ತೆಗೆಸಿದ್ದು, ಹೇಗೆ ತೆಗೆಸಿದ್ದು ಎಂದು ಮಾವನನ್ನು ಕೇಳುವ ಧೈರ್ಯ ಹೊಸ ಸೊಸೆಗೆ ಎಲ್ಲಿಂದ ಬರಬೇಕು.

ಫೋಟೋದಲ್ಲಿ ಅತ್ತೆ ತಲೆ ತುಂಬ ಸೆರಗು ಹೊದ್ದು, ಎರಡೂ ಭುಜ ಮುಚ್ಚಿಕೊಂಡು ಕೂತಿದ್ದಾರೆ. ನಮ್ಮ ಗಡಿ ಸೀಮೆಯ ಹೆಂಗಸರ ಹಾಗೆ ಮೂಗಿನ ಎರಡೂ ಕಡೆ ಮೂಗುಬೊಟ್ಟು. ಹಣೆಯ ನಡುವೆ ವಿಭೂತಿ. ಬಾಯಿಯ ಪಕ್ಕದಲ್ಲಿ, ಬಲಗಲ್ಲದ ಮೇಲೆ, ಒಂದು ದಪ್ಪ ಮಚ್ಚೆ.

ಆ ಮಚ್ಚೆಯ ಸಂಗತಿ ಬಂದದ್ದು ಶಾಂತಕ್ಕನಿಂದ. ಶಾಂತಕ್ಕ ನಮ್ಮ ಯಜಮಾನರ ಅಕ್ಕ, ಕುರುಗೋಡಿಗೆ ಕೊಟ್ಟಿದ್ದರು. ಅವ್ವ ಸತ್ತಾಗ ಅವಳಿಗೆ ನಾಲ್ಕು ವರ್ಷ ತುಂಬಿರಲಿಲ್ಲ. ತವರಿಗೆ ಬಂದಾಗ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ನನ್ನ ಜೊತೆ ಅಕ್ಕಿ ಆರಿಸುತ್ತ, ಗೋಡೆಯ ಕಡೆ ನೋಡದೆ ಹೇಳಿದಳು.

“ನಮ್ಮವ್ವನ್ದು ನನಗ ಒಂದ ಒಂದು ನೆನಪೈತಿ, ತಂಗೆವ್ವ. ಆಕಿ ನನ್ನ ಬಗಲಾಗ ಎತ್ತಿಗಂಡು ಕಟ್ಟಿಗಿ ಒಲಿ ಮುಂದ ನಿಂತಾಳ. ಬಲಗೈಲೆ ಸಾರು ತಿರುವ್ತಾಳ. ನಾನು ಆಕಿ ಗಲ್ಲದ ಮ್ಯಾಲಿನ ಮಚ್ಚಿ ಮುಟ್ಟತೀನಿ. ‘ಹುಳಾ ಐತಿ ಅದು, ಕಚ್ಚತೈತಿ ನೋಡು’ ಅಂತಾಳ. ಅಂದು ಹಪ್ಪಂತ ನನ್ನ ಬೆರಳಿಗೆ ಬಾಯಿ ಹಾಕ್ತಾಳ. ನಾನು ಕೈ ಜಗ್ಗಿಗಂಡು ನಗತೀನಿ. ಮತ್ತ ಮುಟ್ಟತೀನಿ. ಅಷ್ಟ. ಮುಂದ ಏನೂ ಇಲ್ಲ.”

ಒಳಗಿಂದ ನೀಲವ್ವತ್ತೆ ಬಂದರು. ಮಾವನ ಅಕ್ಕ, ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದು ತಾಯಿಯಿಲ್ಲದ ಎರಡೂ ಮಕ್ಕಳನ್ನು ಬೆಳೆಸಿದವರು. ಎದುರಿಗೆ ನಿಂತರೆ ಹಸು ಕೂಡ ಮೆಲುಕು ಹಾಕುವುದನ್ನು ನಿಲ್ಲಿಸುತ್ತಿತ್ತು.

“ಮತ್ತ ಸುರು ಮಾಡಿದೇನ ನಿನ್ನ ಪುರಾಣ?” ಎಂದರು. “ಯಾವ ಬಗಲಾಗ ಕುಂತಿದ್ದೆ?”

“ಎಡಬಗಲಾಗ, ಅತ್ತಿ. ಬಲಗೈಲೆ ಸಾರು ತಿರುವ್ತಿದ್ಲಲ್ಲ.”

“ನಿಮ್ಮವ್ವನ ಮಚ್ಚಿ ಯಾವ ಕಡಿಗೈತಿ? ನೋಡು, ಗ್ವಾಡಿ ಮ್ಯಾಲೈತಿ.”

ಶಾಂತಕ್ಕ ನೋಡಲಿಲ್ಲ. ನಾನು ನೋಡಿದೆ. ಬಲಗಲ್ಲ.

ನೀಲವ್ವತ್ತೆ ಅಷ್ಟಕ್ಕೇ ಬಿಡುವವರಲ್ಲ. ಪಕ್ಕದ ಮನೆಯ ಗುಂಡುಗುಂಡಗಿನ ಕೂಸೊಂದು ಅಂಗಳದಲ್ಲಿ ಆಡುತ್ತಿತ್ತು. ಅದನ್ನು ಎತ್ತಿಕೊಂಡು ಬಂದು ನನ್ನ ಎಡಬಗಲಿಗೆ ಏರಿಸಿದರು. “ನಿಂದ್ರವ್ವ ಹಂಗ. ಈಗ ನೋಡ್ಲೇ ಶಾಂತಾ, ಈ ಹುಡುಗ ಈಕಿ ಎಡಗಲ್ಲ ಮುಟ್ಟಬಹುದು. ಬಲಗಲ್ಲ ಹ್ಯಾಂಗ ಮುಟ್ಟತಾನ? ಮೂಗಿನ ಮ್ಯಾಲೆ ಹಾದು ಹೋಗಬೇಕು.” ಕೂಸು ಎಡಗಲ್ಲವನ್ನೂ ಮುಟ್ಟಲಿಲ್ಲ, ಬಲಗಲ್ಲವನ್ನೂ ಮುಟ್ಟಲಿಲ್ಲ. ನನ್ನ ಮೂಗುಬೊಟ್ಟು ಹಿಡಿದು ಜಗ್ಗಿತು. ನಾನು ಹಾ ಎಂದು ಚೀರಿದೆ. ಯಾರೂ ನಗಲಿಲ್ಲ.

“ನಿನ್ನ ಬಗಲಾಗ ಹೊತ್ತು ತಿರುಗಿದಾಕಿ ನಾನು. ನಿನಗ ಅನ್ನ ಉಣಿಸಿದಾಕಿ ನಾನು. ನೆನಪಾಗಿದ್ರ ನಾನು ನೆನಪಾಗಬೇಕು. ಫೋಟೋ ಸುಳ್ಳು ಹೇಳತೈತೇನ್ಲೇ?” ಎಂದರು ನೀಲವ್ವತ್ತೆ. ಅವರ ದನಿ ಸಿಟ್ಟಿನದು ಅನ್ನಿಸಿತ್ತು ನನಗೆ ಆಗ. ಈಗ ಅದು ಬರೀ ಸಿಟ್ಟಲ್ಲ ಅನ್ನಿಸುತ್ತದೆ. ಅವರು ಅಷ್ಟು ವರ್ಷ ಹೊತ್ತು ತಿರುಗಿದ್ದಕ್ಕೆ ಆ ಹುಡುಗಿಯ ತಲೆಯಲ್ಲಿ ಒಂದು ಮೂಲೆಯೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಮಾವ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದರು. ಶಾಂತಕ್ಕ ಎದ್ದು ಹೋಗಿ ಟವೆಲು ಕೊಟ್ಟು ಕೇಳಿಯೇಬಿಟ್ಟಳು. “ಅಪ್ಪಾ, ಅವ್ವನ ಮಚ್ಚಿ ಯಾವ ಕಡಿಗಿತ್ತು?”

ಮಾವ ಬಹಳ ಹೊತ್ತು ಮುಖ ಒರೆಸಿಕೊಂಡರು. “ಇತ್ತವ್ವ. ಮಚ್ಚಿ ಇತ್ತು,” ಎಂದರು. ಆಮೇಲೆ ಗೋಡೆಯ ಕಡೆ ನೋಡಿ, “ಅಲ್ಲೈತಲ್ಲ,” ಎಂದು ಒಳಗೆ ಹೋದರು. ಇಪ್ಪತ್ತು ವರ್ಷ ದಿನಾ ಊದಿನಕಡ್ಡಿ ಬೆಳಗಿದ ಮುಖ ಅದು. ಅವರಿಗೂ ಈಗ ನೆನಪಿದ್ದದ್ದು ಫೋಟೋದ ಹೆಂಡತಿಯೇ.

ಶಾಂತಕ್ಕ ಮತ್ತೆ ಮೊರದ ಮುಂದೆ ಕೂತಳು. “ಕನಸಿರಬೇಕು ಬಿಡವ್ವ,” ಎಂದಳು. ಆಮೇಲೆ ಒಂದು ಕಲ್ಲು ಹೆಕ್ಕಿ ಬಿಸಾಕಿ, “ಕನಸಾದ್ರ ನನಗ ಅವ್ವನ ಇಲ್ಲ,” ಎಂದಳು. ಅಷ್ಟು ಹೇಳಿ ಅಕ್ಕಿ ಆರಿಸಿದಳು. ಅವಳ ಪಾಲಿಗೆ ತಾಯಿ ಅಂತ ಇದ್ದದ್ದು ಆ ಒಲೆಯ ಮುಂದಿನ ಒಂದು ಗಳಿಗೆ ಮಾತ್ರ. ಅದನ್ನೂ ಗೋಡೆಯ ಮೇಲಿನ ಫೋಟೋ ಸುಳ್ಳು ಮಾಡಿತ್ತು. ನನಗೆ ಬಹಳ ಕೆಟ್ಟದೆನಿಸಿತು. ಆಮೇಲೆ ಆಕೆ ಆ ಮಾತು ಎತ್ತಿದ್ದನ್ನು ನಾನು ಕೇಳಲಿಲ್ಲ. ಮಾವ ಹೋದರು, ನೀಲವ್ವತ್ತೆ ಹೋದರು. ನಾವು ಬಳ್ಳಾರಿಗೆ ಬಂದೆವು. ಫೋಟೋ ನಮ್ಮ ಜೊತೆ ಬಂದು ಇಲ್ಲಿನ ಗೋಡೆ ಹತ್ತಿತು.

ಮತ್ತೆ ಯಂತ್ರಕ್ಕೆ ಬರೋಣ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಗಲ ಫಿಲಮಿನ ಒಂದು ಪಟ್ಟಿ ಹಾಕಿದೆ. ಯಜಮಾನರು ನಾಷ್ಟಕ್ಕೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ತರಲು ಹೋಗಿದ್ದರು. ಯಂತ್ರ ಗೊಣಗಿತು, ಪರದೆಯ ಮೇಲೆ ಒಬ್ಬ ಹೆಂಗಸು ಬಂದಳು. ಸೆರಗು ಹೊದ್ದವಳು, ಎಲ್ಲರಂತೆ ಬಲಕ್ಕೆ ಮುಖ ಮಾಡಿ ಕಿಟಕಿ ನೋಡುವವಳು. ಎಲ್ಲೋ ನೋಡಿದ ಹಾಗಿದೆ, ಆದರೆ ಯಾರೆಂದು ತಿಳಿಯುತ್ತಿಲ್ಲ. ಇರಲಿ ಎಂದು ಧೂಳು ಹೆಕ್ಕಲು ಕೂತೆ. ಹಣೆಯ ಮೇಲಿನದು ಹೋಯಿತು, ಸೆರಗಿನ ಮೇಲಿನದು ಹೋಯಿತು. ಬಾಯಿಯ ಪಕ್ಕದಲ್ಲೊಂದು ದಪ್ಪ ಕಪ್ಪು ಚುಕ್ಕೆ. ಇದು ಯಾವ ಜಿರಳೆ ಕಡಿದ ಗುರುತಪ್ಪಾ ಎಂದುಕೊಂಡು ಅದನ್ನೂ ಅಳಿಸಿಬಿಟ್ಟೆ. ಅಳಿಸಿದ ಕೂಡಲೇ ಆ ಮುಖ ಯಾರದೂ ಅಲ್ಲದ ಹಾಗೆ ಬೋಳಾಯಿತು. ಅಳಿಸಿದ್ದನ್ನು ವಾಪಸು ತಂದೆ. ಹತ್ತಿರ ಮಾಡಿ ನೋಡಿದೆ. ಜಿರಳೆ ಕಡಿದದ್ದಕ್ಕೆ ಚೂಪು ಅಂಚಿರುತ್ತದೆ, ಇದರ ಅಂಚು ಚರ್ಮದಲ್ಲಿ ಮೆಲ್ಲಗೆ ಕರಗಿತ್ತು. ಮಚ್ಚೆ.

ಪಟ್ಟಿಯ ಮುಂದಿನ ಚಿತ್ರ ತೆರೆದೆ. ಒಬ್ಬ ತರುಣ, ಅದೇ ಕುರ್ಚಿ, ಅದೇ ಕಿಟಕಿ ನೋಡುತ್ತಿದ್ದಾನೆ. ಕಿವಿಗಳು ತಲೆಯಿಂದ ಆಚೆಗೆ ನಿಂತಿವೆ. ಆ ಕಿವಿಗಳ ಜೊತೆ ನಾನು ನಲವತ್ತು ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ, ಗುರುತು ಸಿಗದೇ ಇರುತ್ತದೆಯೇ? ಅದು ಮಾವ. ಹಾಗಾದರೆ ಆಕೆ ಅತ್ತೆ.

ಎದ್ದು ಹೋಗಿ ಗೋಡೆಯ ಫೋಟೋ ನೋಡಿದೆ, ಬಂದು ಪರದೆ ನೋಡಿದೆ. ಗೋಡೆಯ ಮೇಲೆ ಅತ್ತೆ ಮಾವನ ಕಡೆ ತಿರುಗಿದ್ದಾರೆ, ಮಚ್ಚೆ ಬಲಗಲ್ಲದ ಮೇಲೆ. ಪರದೆಯಲ್ಲಿ ಕಿಟಕಿಯ ಕಡೆ ತಿರುಗಿದ್ದಾರೆ, ಮಚ್ಚೆ ಎಡಗಲ್ಲದ ಮೇಲೆ. ಮೊದಲು ನನಗೇ ನಂಬಿಕೆ ಬರಲಿಲ್ಲ. ಪಟ್ಟಿಯನ್ನು ತಿರುವಿ ಇಟ್ಟಿದ್ದೇನೆ, ಎಷ್ಟು ಜನರ ಜೇಬು ಬದಲಿಸಿದವಳು ನಾನು, ಎಂದುಕೊಂಡೆ. ಪಟ್ಟಿ ಹೊರತೆಗೆದು ಬೆಳಕಿಗೆ ಹಿಡಿದೆ. ಅಂಚಿನ ಅಂಕಿಗಳು ನೆಟ್ಟಗಿದ್ದವು. ಯಂತ್ರ ತಪ್ಪಿರಲಿಲ್ಲ, ನಾನೂ ತಪ್ಪಿರಲಿಲ್ಲ. ತಿರುವಿ ಹಾಕಿದವನು ಅಪ್ಪ.

ಎಲ್ಲವೂ ತಾನಾಗಿ ಬಿಚ್ಚಿಕೊಂಡಿತು. ಇಬ್ಬರೂ ಒಂದೇ ದಿನ ಬೇರೆ ಬೇರೆ ಕೂತಿದ್ದಾರೆ. ಅತ್ತೆ ಹೋದ ಮೇಲೆ ಮಾವ ಬಂದು ಜೋಡಿ ಮಾಡಿಕೊಡಿ ಎಂದಿದ್ದಾರೆ. ಅಪ್ಪ ತನ್ನ ನೇಮದಂತೆ ಆಕೆಯನ್ನು ತಿರುವಿ ಗಂಡನ ಎಡಕ್ಕೆ ಕೂಡಿಸಿದ್ದಾನೆ. ಎರಡೂ ಭುಜದ ಮೇಲೆ ಸೆರಗು, ಎರಡೂ ಕಡೆ ಮೂಗುಬೊಟ್ಟು. ತಿರುವಿದ್ದು ಗೊತ್ತಾಗಲು ಆ ಮುಖದಲ್ಲಿ ಇದ್ದ ಗುರುತು ಒಂದೇ, ಆ ಮಚ್ಚೆ. ಗೊತ್ತುಮಾಡಿಕೊಂಡವಳು ನಾಲ್ಕು ತುಂಬದ ಹುಡುಗಿ ಒಬ್ಬಳೇ. ಇನ್ನೊಂದು ಮಾತು, ಹೇಳಲು ನಾಚಿಕೆಯಾಗುತ್ತದೆ. ಗೋಡೆಯ ಫೋಟೋದಲ್ಲಿ ಬೆಳಕು ಇಬ್ಬರ ನಡುವಿನಿಂದ ಬಂದು ಇಬ್ಬರ ಮುಖದ ಮೇಲೂ ಬಿದ್ದಿದೆ. ಅಂಥ ಜಾಗದಲ್ಲಿ ಯಾವ ಮನೆಗೂ ಕಿಟಕಿ ಇರುವುದಿಲ್ಲ. ಫೋಟೋಗ್ರಾಫರನ ಮಗಳು ಇಷ್ಟು ವರ್ಷ ಅದರ ಗಾಜು ಒರೆಸಿದಳು.

ಯಜಮಾನರು ಮಿರ್ಚಿಯ ಪೊಟ್ಟಣ ಹಿಡಿದು ಬಂದರು. ತೋರಿಸಿದೆ. ಅಂಚಿನ ಅಂಕಿ, ಎಡ, ಬಲ, ಕಿಟಕಿ, ಎಲ್ಲ ಪಾಠ ಹೇಳಿದ ಹಾಗೆ ಹೇಳಿದೆ. ಅವರಿಗೆ ತಾಯಿ ಅಂದರೆ ಗೋಡೆಯ ಮೇಲಿನ ಒಂದು ಚೌಕಟ್ಟು, ಅಷ್ಟೇ.

“ಯಾವ ಕಡಿಗಿದ್ರೇನು ಬಿಡು,” ಎಂದರು. ಪೊಟ್ಟಣ ಬಿಚ್ಚಿದರು. ಒಂದು ಮಿರ್ಚಿ ಕೈಗೆತ್ತಿಕೊಂಡು, ತಿನ್ನದೆ ಮತ್ತೆ ಪೊಟ್ಟಣದಲ್ಲಿಟ್ಟರು. “ಅಕ್ಕಗ ಹೇಳಿದೇನು?” ಎಂದರು.

“ಫೋನಿನ್ಯಾಗ ಹೇಳೋದಲ್ರಿ ಇದು.”

“ಹೌದು,” ಎಂದರು. “ನಡಿ ಹೋಗೋಣು. ಯಾರ್ಯಾರದೋ ಅಂದಿದ್ದಿ, ನಮ್ಮವ್ವನ್ದ ಬಂತಲ್ಲ.” ಮಿರ್ಚಿ ತಣ್ಣಗಾಗುವವರೆಗೂ ಪರದೆಯನ್ನು ನೋಡುತ್ತ ಕೂತಿದ್ದರು.

ದೊಡ್ಡದಾಗಿ ಅಚ್ಚು ಹಾಕಿಸಿ, ಮಡಚದ ಹಾಗೆ ಎರಡು ರಟ್ಟಿನ ನಡುವೆ ಇಟ್ಟುಕೊಂಡು ಕುರುಗೋಡು ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಯಜಮಾನರು ರಟ್ಟನ್ನು ನನ್ನ ಕೈಗೆ ಕೊಡಲಿಲ್ಲ. ಶಾಂತಕ್ಕನ ಮನೆ ಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದೆ. ಅಂಗಳದ ತುಂಬ ಮೆಣಸಿನಕಾಯಿ ಹರವಿ, ತೊಟ್ಟು ಬಿಡಿಸುತ್ತ ಕೂತಿದ್ದಳು.

“ಬರ್ರಿ ಬರ್ರಿ. ಏನಿದು ಇಬ್ರೂ ಹೇಳದ ಕೇಳದ ಬಂದೀರಿ?” ಎಂದು ಎದ್ದಳು. “ಕೈಯಾಗೇನದು, ಕ್ಯಾಲೆಂಡರಾ?”

“ಕೈ ತೊಳಕಂಡು ಬಾ ಅಕ್ಕಾ. ಕುಂದ್ರು,” ಎಂದೆ.

ಮೆಣಸಿನಕಾಯಿಯ ಕೈ, ಸೋಪು ಹಚ್ಚಿ ಎರಡು ಸಲ ತೊಳೆದುಕೊಂಡು, ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಕೂತಳು. ಯಜಮಾನರು ರಟ್ಟು ಬಿಚ್ಚಿ ಫೋಟೋವನ್ನು ಅವಳ ತೊಡೆಯ ಮೇಲಿಟ್ಟರು. ನಾನು ಅಂಚಿನ ಅಂಕಿಯಿಂದ ಶುರುಮಾಡಿ ಎಲ್ಲ ವಿವರಿಸಬೇಕೆಂದು ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ತಯಾರಿ ಮಾಡಿಕೊಂಡಿದ್ದೆ. ಯಾವುದೂ ಬೇಕಾಗಲಿಲ್ಲ.

“ಎಡಕ್ಕ,” ಎಂದಳು ಶಾಂತಕ್ಕ.

“ಎಡಕ್ಕ,” ಎಂದೆ. “ಇದ ಖರೇದು. ಗೋಡಿ ಮ್ಯಾಲಿಂದು ನಮ್ಮಪ್ಪ ಜೋಡಿ ಮಾಡಾಕ ತಿರುವಿ ಹಾಕಿದ್ದು.”

ಅವಳು ತಲೆ ಎತ್ತಲಿಲ್ಲ. ನೀಲವ್ವತ್ತೆಯ ಹೆಸರೆತ್ತುತ್ತಾಳೆ, ನಮ್ಮಪ್ಪನನ್ನು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಯಜಮಾನರೇ, “ಅಕ್ಕಾ, ಮನಿಯಾಗಿನ್ದು ತಗದು ಇದನ್ನ ಹಾಕೋಣೇನು?” ಎಂದರು.

“ಬ್ಯಾಡಪ್ಪ. ಅದು ಅಲ್ಲೇ ಇರಲಿ,” ಎಂದಳು. “ಅಲ್ಲಿರಾಕಿ ಅಪ್ಪನ ಹೇಣ್ತಿ. ಈಕಿ ನಮ್ಮವ್ವ.”

ಯಜಮಾನರು ಎದ್ದು ಹೋಗಿ ಬಾಗಿಲ ಹತ್ತಿರ ನಿಂತು ಬೀದಿ ನೋಡತೊಡಗಿದರು. ನಾನು ಅಳುವವಳಲ್ಲ, ಆದರೂ ಮೆಣಸಿನಕಾಯಿಯ ಘಾಟು ಇತ್ತಲ್ಲ, ಕಣ್ಣು ಒರೆಸಿಕೊಳ್ಳಲು ಅನುಕೂಲವಾಯಿತು. ಶಾಂತಕ್ಕ ಮಾತ್ರ ಅಳಲಿಲ್ಲ. ಬಲಗೈಯ ತೋರುಬೆರಳನ್ನು ಒಮ್ಮೆ ಮೂಸಿ, ಖಾರ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಆ ಮಚ್ಚೆಯ ಮೇಲಿಟ್ಟಳು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಆಮೇಲೆ, ಅರವತ್ತು ದಾಟಿದ, ಮೊಮ್ಮಕ್ಕಳನ್ನು ಕಂಡ ಆ ಹೆಂಗಸು, ಯಾರೋ ಹಪ್ಪೆಂದು ಬಾಯಿ ಹಾಕಿದ ಹಾಗೆ ಬೆರಳನ್ನು ಚಟ್ಟನೆ ಹಿಂದಕ್ಕೆಳೆದುಕೊಂಡು ನಕ್ಕುಬಿಟ್ಟಳು.